ಟ್ರ್ಯಾಕಿಗೆ ಹಳೇ ಸ್ವಿಫ್ಟೇ ಸಾಕು

ಹಾಸ್ಟೆಲ್‌ನಲ್ಲಿ ಟ್ರ್ಯಾಕ್ ಡೇ ಮಾತು ಬಂದ್ರೆ ಎಲ್ಲರ ಪ್ರಶ್ನೆ ಒಂದೇ: ಕಾರು ಎಷ್ಟು ಬಿಎಚ್‌ಪಿ? ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದರ ತೂಕ.

ಲೆಕ್ಕ ಹಾಕಿ ನೋಡಿ. ಗಂಟೆಗೆ 120 ಕಿ.ಮೀ. ವೇಗದಿಂದ 60ಕ್ಕೆ ಇಳಿಯೋಕೆ 1,000 ಕೆ.ಜಿ. ಕಾರು ಸುಮಾರು 417 ಕಿಲೋಜೂಲ್ ಶಕ್ತಿ ಕಳೆದುಕೊಳ್ಳಬೇಕು. 1,600 ಕೆ.ಜಿ. ಎಸ್‌ಯುವಿ ಆದ್ರೆ 667. ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತೆ. ರಸ್ತೆಯಲ್ಲಿ ಇಂಥ ಬ್ರೇಕಿಂಗ್ ಅಪರೂಪ, ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತಿಗೂ ಹಲವು ಸಲ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ತೇವ ಹೀರಿಕೊಂಡು ಹಳತಾದ್ರೆ 155ರ ಆಸುಪಾಸಿನಲ್ಲೇ ಕುದಿಯಬಹುದು. ಆಗ ಪೆಡಲ್ ಒತ್ತಿದ್ರೆ ಒಳಗಿನ ಆವಿಯಷ್ಟೇ ಅದುಮುತ್ತೆ. ಕಾಲು ನೆಲ ಮುಟ್ಟುತ್ತೆ, ಕಾರು ನಿಲ್ಲಲ್ಲ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಬರೀ 2.1 ಕಿ.ಮೀ., ಅದರಲ್ಲೂ ತಿರುವುಗಳೇ ಜಾಸ್ತಿ. ಅಲ್ಲಿಗೆ ಸೆಕೆಂಡ್ ಹ್ಯಾಂಡ್ 1.2 ಪೆಟ್ರೋಲ್ ಸ್ವಿಫ್ಟ್ ಧಾರಾಳ: ಒಂದು ಟನ್ನಿಗೂ ಕಡಿಮೆ ತೂಕ, ಯಾವ ಊರಲ್ಲಾದ್ರೂ ಪಾರ್ಟ್ಸ್ ಸಿಗುತ್ತೆ. ಉಳಿದ ದುಡ್ಡು ಟೈರು, ಬ್ರೇಕ್ ಪ್ಯಾಡು, ಆಯಿಲ್‌ಗೆ ಹಾಕಿ. ಪವರ್ ಸಾಲಲ್ಲ ಮಗಾ ಅಂತೀರಾ? ಅದೇ ಒಳ್ಳೇದು. ತಿರುವಿನಲ್ಲಿ ಮಾಡಿದ ತಪ್ಪನ್ನ ಇಂಜಿನ್ ಮುಚ್ಚಿಹಾಕಲ್ಲ.

ಅಪ್ಪನ ಕಾರೇ ಒಯ್ತೀನಿ ಅನ್ನೋರು ಮೊದಲು ಇನ್ಶೂರೆನ್ಸ್ ಪಾಲಿಸಿ ಓದಿ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಮಾಮೂಲಾಗಿ ಬರೆದಿರುತ್ತೆ. ನಮ್ಮನೆ ಕಾರಿಗೆ ಇನ್ನೂ ಎರಡು ವರ್ಷ ಇಎಂಐ ಬಾಕಿ ಇದೆ, ನಾನಂತೂ ಕೀ ಕೇಳೋಕೆ ಹೋಗಿಲ್ಲ.