ಕೊಂಡು ತಂದ ಶಿಫಾರಸು ಹೆಸರನ್ನು ಉಳಿಸದು

ನಂಜನಗೂಡಿನ ಕೈಗಾರಿಕಾ ಪ್ರದೇಶದ ಸಣ್ಣ ಉದ್ದಿಮೆದಾರರೂ ತಿ. ನರಸೀಪುರದ ಅಕ್ಕಿ ಗಿರಣಿಗಳ ಮಾಲೀಕರೂ ತಮ್ಮ ಸಂಸ್ಥೆಗಳಿಗೆ ಜಾಲತಾಣಗಳನ್ನು ರೂಪಿಸಿಕೊಳ್ಳುತ್ತಿರುವುದು ಸ್ವಾಗತಾರ್ಹ ಬೆಳವಣಿಗೆ. ಇದರ ಬೆನ್ನಲ್ಲೇ, ಮಾಸಿಕ ಶುಲ್ಕಕ್ಕೆ ಸಾವಿರಾರು ‘ಬ್ಯಾಕ್‌ಲಿಂಕ್’ ಒದಗಿಸಿ ಗೂಗಲ್‌ನ ಮೊದಲ ಪುಟಕ್ಕೆ ತರುವುದಾಗಿ ಭರವಸೆ ನೀಡುವ ಮಧ್ಯವರ್ತಿಗಳೂ ಬಂದಿದ್ದಾರೆ. ಜಾಹೀರಾತು ವೆಚ್ಚದ ಬಾಬ್ತಿನಲ್ಲಿ ಇಂತಹ ಬಿಲ್ಲುಗಳು ಕಾಣಿಸಿಕೊಳ್ಳುತ್ತಿರುವುದರಿಂದ ಈ ಕುರಿತು ಎಚ್ಚರಿಸುವುದು ಅಗತ್ಯವೆನಿಸಿದೆ.

ಅನ್ಯ ಜಾಲತಾಣದಿಂದ ನಮ್ಮ ತಾಣಕ್ಕೆ ದೊರೆಯುವ ಕೊಂಡಿಯೇ ಬ್ಯಾಕ್‌ಲಿಂಕ್. 1998ರಲ್ಲಿ ಗೂಗಲ್ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅದನ್ನು ಒಂದು ಶಿಫಾರಸಿನಂತೆ ಪರಿಗಣಿಸಿದರು. ಶಿಫಾರಸು ಮಾಡುವವರ ಯೋಗ್ಯತೆಗೆ ತಕ್ಕಷ್ಟೇ ಅದಕ್ಕೆ ತೂಕ. ಸಾಲ ನೀಡುವ ಬ್ಯಾಂಕು ಜಾಮೀನುದಾರರ ಸಂಖ್ಯೆಗಿಂತ ಅವರ ಯೋಗ್ಯತೆಯನ್ನು ನೋಡುವುದಿಲ್ಲವೇ?

ಅಮೆರಿಕದ ಬೃಹತ್ ಚಿಲ್ಲರೆ ಮಾರಾಟ ಸಂಸ್ಥೆ ಜೆ.ಸಿ. ಪೆನ್ನಿಯ ಪರವಾಗಿ, ಅದರ ವ್ಯಾಪಾರಕ್ಕೆ ಸಂಬಂಧವೇ ಇಲ್ಲದವೂ ಸೇರಿದಂತೆ ನೂರಾರು ತಾಣಗಳಲ್ಲಿ ಸಾವಿರಾರು ಕೊಂಡಿಗಳನ್ನು ಹಾಕಿಸಿದ್ದುದು 2011ರ ಫೆಬ್ರವರಿಯಲ್ಲಿ ಬಯಲಾಯಿತು. ಗೂಗಲ್ ಕ್ರಮ ಕೈಗೊಂಡ ಬಳಿಕ, ಒಂದು ಬಗೆಯ ಪ್ರಯಾಣ ಪೆಟ್ಟಿಗೆಯ ಶೋಧದಲ್ಲಿ ಮೊದಲ ಸ್ಥಾನದಲ್ಲಿದ್ದ ಸಂಸ್ಥೆ 71ನೆಯ ಸ್ಥಾನಕ್ಕೆ ಕುಸಿಯಿತು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಪೆಂಗ್ವಿನ್’ ಮಾರ್ಪಾಡು ಇಂತಹ ಕೊಂಡಿಗಳನ್ನು ಯಾಂತ್ರಿಕವಾಗಿಯೇ ಪತ್ತೆಹಚ್ಚತೊಡಗಿತು.

2016ರಿಂದೀಚೆಗೆ ಗೂಗಲ್ ಕಳಪೆ ಕೊಂಡಿಗಳನ್ನು ಬಹುಮಟ್ಟಿಗೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ಅವುಗಳಿಗೆ ಕೊಟ್ಟ ಹಣ ವ್ಯರ್ಥ. ಹಣ ತೆತ್ತು ಕೊಂಡದ್ದು ಪರಿಶೀಲನೆಯಲ್ಲಿ ಕಂಡುಬಂದರೆ ತಾಣವೇ ಹಿಂದಕ್ಕೆ ಬೀಳಬಹುದು, ಶೋಧ ಫಲಿತಾಂಶದಿಂದಲೇ ಮರೆಯಾಗಬಹುದು. ಸರಕು ಬಾರದೆ ಬರಿಯ ಬಿಲ್ಲಿನ ಮೇಲೆ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ ಪಡೆದವರ ಪಾಡೂ ಇದೇ: ಮೊದಲು ಲಾಭ, ಅನಂತರ ವಸೂಲಾತಿ.

ಹಾಗೆಂದು ಅಪರಿಚಿತ ತಾಣಗಳಿಂದ ತಾನಾಗಿ ಬಂದು ಸೇರುವ ಕೊಂಡಿಗಳಿಗೆ ಅಂಜಬೇಕಿಲ್ಲ. ‘ವಿಷಕಾರಿ ಕೊಂಡಿಗಳನ್ನು ಶುದ್ಧಿ ಮಾಡುತ್ತೇವೆ’ ಎಂದು ಹೆದರಿಸಿ ಶುಲ್ಕ ಕೇಳುವವರನ್ನೂ ದೂರವಿಡುವುದು ಲೇಸು. ಗೂಗಲ್‌ನ ‘ಸರ್ಚ್ ಕನ್ಸೋಲ್’ ಸೇವೆ ಉಚಿತವಾಗಿದ್ದು, ದಂಡನಾ ಕ್ರಮವಿದ್ದಲ್ಲಿ ಅಲ್ಲಿಯೇ ಸೂಚನೆ ದೊರೆಯುತ್ತದೆ. ಆ ಖಾತೆ ಗುತ್ತಿಗೆದಾರರ ಹೆಸರಿನಲ್ಲಿರದೆ ಮಾಲೀಕರ ಹೆಸರಿನಲ್ಲಿರಬೇಕು. ಕೊಂಡಿಗಳನ್ನು ಖರೀದಿಸತಕ್ಕದ್ದಲ್ಲವೆಂಬ ಷರತ್ತು ಕರಾರಿನಲ್ಲಿ ಇರಲಿ. ಈಗಾಗಲೇ ಖರೀದಿಸಿದ್ದರೆ ತೆಗೆಸಿಹಾಕುವುದು ಕ್ಷೇಮ. ತೆಗೆಸಲಾಗದವನ್ನು ಪರಿಗಣಿಸಬಾರದೆಂದು ಗೂಗಲ್‌ಗೆ ತಿಳಿಸಲು 2012ರಿಂದಲೇ ವ್ಯವಸ್ಥೆಯಿದೆ.

ನಂಜನಗೂಡಿನ ಹಲ್ಲುಪುಡಿಯಾಗಲಿ ರಸಬಾಳೆಯಾಗಲಿ ಮನೆಮಾತಾದುದು ಬಳಸಿದವರ ಬಾಯಿಂದಲೇ ಹೊರತು ಬಾಡಿಗೆಯ ಹೊಗಳಿಕೆಯಿಂದಲ್ಲ. ನಿಮ್ಮ ಸರಕನ್ನು ಮಾರುವ ವಿತರಕರು, ಕೊಳ್ಳುವ ಕಾರ್ಖಾನೆಗಳು, ನೀವು ಸದಸ್ಯರಾಗಿರುವ ಸಂಘಸಂಸ್ಥೆಗಳು ತಮ್ಮ ತಾಣಗಳಲ್ಲಿ ನಿಮ್ಮ ಹೆಸರನ್ನು ನಮೂದಿಸಿದರೆ, ಅಂತಹ ಹತ್ತು ಕೊಂಡಿಗಳು ಸಂತೆಯಲ್ಲಿ ಕೊಂಡ ಹತ್ತು ಸಾವಿರಕ್ಕಿಂತ ಮಿಗಿಲು. ಮುಂದಿನ ಬಾರಿ ಇಂತಹ ಬಿಲ್ಲು ಪಾವತಿಗೆ ಬಂದಾಗ, ಕೊಂಡಿಗಳು ಯಾವ ಯಾವ ತಾಣಗಳಿಂದ ದೊರೆತಿವೆಯೆಂಬ ಪಟ್ಟಿಯನ್ನು ಕೇಳಿ ಪಡೆದು, ಪರಿಶೀಲಿಸಿದ ನಂತರವೇ ಸಹಿ ಹಾಕುವುದು ಒಳಿತು.