ಮಾವಿನ ಮಂಡಿಯಲ್ಲಿ ಮಲಗೋಕೆ ಜಾಗ ಎಲ್ಲಿ?

ಆರ್ಕಿಟೆಕ್ಚರ್ ಓದುವ ಹುಡುಗಿಯೊಬ್ಬಳು ನೆಂಟರಲ್ಲಿದ್ದಾಳೆ ಅಂತ ಗೊತ್ತಾದರೆ ಸಾಕು, ನಮ್ಮ ಕಡೆ ಎಲ್ಲರದೂ ಒಂದೇ ಮಾತು. “ನಮ್ದು ತರ್ಟಿ ಫಾರ್ಟಿ ಸೈಟು, ವಾಸ್ತು ಪ್ರಕಾರ ಒಂದು ಪ್ಲಾನ್ ಹಾಕ್ಕೊಡಮ್ಮ.” ನಮ್ಮಕ್ಕನ ಮಗಳಿಗೆ ಮೊದಲ ವರ್ಷದಿಂದಲೂ ಈ ಬೇಡಿಕೆ ತಪ್ಪಿಲ್ಲ. ಆಗ ಅವಳು ಕಾಲೇಜಿನಲ್ಲಿ ಥರ್ಮಾಕೋಲ್ ಕತ್ತರಿಸೋದು, ಗೆರೆ ನೇರವಾಗಿ ಎಳೆಯೋದು ಕಲಿಯುತ್ತಿದ್ದಳಷ್ಟೇ! ಐದು ವರ್ಷದ ಓದು ಅದು. ಸೇರೋಕೆ ಮುಂಚೆ ನಾಟಾ ಪರೀಕ್ಷೆ. ಮುಗಿದ ಮೇಲೂ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳದೆ ‘ಆರ್ಕಿಟೆಕ್ಟ್’ ಅಂತ ಬೋರ್ಡು ತಗುಲಿಸಿಕೊಳ್ಳೋಕೆ 1972ರ ಕಾಯ್ದೆ ಬಿಡೋದಿಲ್ಲ.

ಈ ಓದಿನಲ್ಲಿ ಪಾಠಕ್ಕಿಂತ ದೊಡ್ಡದು ‘ಸ್ಟುಡಿಯೋ’. ಫೋಟೋ ಸ್ಟುಡಿಯೋ ಅಲ್ಲ. ಉದ್ದನೆ ಹಾಲು, ಎತ್ತರದ ಮೇಜುಗಳು. ಒಂದು ಸೆಮಿಸ್ಟರಿಗೆ ಒಂದೋ ಎರಡೋ ಕಟ್ಟಡದ ಕೆಲಸ ಕೊಡ್ತಾರೆ. ಒಮ್ಮೆ ಅಂಗನವಾಡಿ, ಇನ್ನೊಮ್ಮೆ ಆರೋಗ್ಯ ಕೇಂದ್ರ, ಮತ್ತೊಮ್ಮೆ ಮಾರುಕಟ್ಟೆ. ಜಾಗ ನೋಡಿ, ಅಳತೆ ತೆಗೆದು, ಬಿಸಿಲು ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಬರೆದು, ಆಮೇಲೆ ನಕ್ಷೆ, ಆಮೇಲೆ ಮಾಡೆಲ್ಲು. ಕೊನೆಗೆ ‘ಜ್ಯೂರಿ’. ಹಾಳೆಗಳನ್ನು ಗೋಡೆಗೆ ಅಂಟಿಸಿ ನಿಂತುಕೊಂಡರೆ ಹೊರಗಿನಿಂದ ಬಂದ ಆರ್ಕಿಟೆಕ್ಟುಗಳು ಒಂದೊಂದೇ ಪ್ರಶ್ನೆ ಎಸೀತಾರೆ. ಹೆಣ್ಣು ನೋಡೋಕೆ ಬಂದವರ ಮುಂದೆ ಕೂರೋದು ಇದಕ್ಕಿಂತ ಸುಲಭ ಅಂತ ಅವಳ ಅಭಿಪ್ರಾಯ. (ಅವಳನ್ನು ಇನ್ನೂ ಯಾರೂ ನೋಡೋಕೆ ಬಂದಿಲ್ಲ, ಮಾತು ಮಾತ್ರ ಜೋರು.)

ಅವರ ಮನೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಭಾವನದು ಮಾವಿನ ತೋಟ. ಕಾಲೇಜು ಬೆಂಗಳೂರು. ನಡುವೆ ಕೋಲಾರದಲ್ಲಿ ನಮ್ಮನೆ, ಅವಳ ತಂಗುದಾಣ. ಹಾಗಾಗಿ ಅವಳ ಶೀಟುಗಳೆಲ್ಲ ನಮ್ಮನೆ ಊಟದ ಮೇಜಿನ ಮೇಲೆ ಬಿಡಿಸಿಕೊಂಡೇ ಮುಂದಕ್ಕೆ ಹೋಗೋದು. ಒಂದು ಸಲ ಮಾಡೆಲ್ಲನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಲ್ಲಿ ಹೋಗುವಾಗ ಕಂಡಕ್ಟರು, “ಮನೆಗೂ ಒಂದು ಟಿಕೆಟ್ ತಗೊಳ್ಳಮ್ಮ” ಅಂದಿದ್ದರಂತೆ.

ಎರಡನೇ ವರ್ಷ ಹಳೇ ಕಟ್ಟಡವೊಂದನ್ನು ಅಳೆದು ಬರೆಯುವ ಕೆಲಸ ಬಂತು. ಇವಳು ಮುಳಬಾಗಿಲಿನ ಹತ್ತಿರದ ಆವನಿಗೆ ಹೋದಳು. ಅಲ್ಲಿನ ರಾಮಲಿಂಗೇಶ್ವರ ಗುಡಿಗಳ ಗುಂಪು ನೊಳಂಬರ ಕಾಲದ್ದು, ಹತ್ತನೇ ಶತಮಾನ. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರೆಲ್ಲ ಒಂದೇ ಅಂಗಳದಲ್ಲಿ. ಅಲ್ಲಿಂದ ಕುರುಡುಮಲೆಗೂ ಹೋಗಿಬಂದಳು. ಅಲ್ಲಿ 13.5 ಅಡಿ ಎತ್ತರದ ಗಣಪತಿಯ ಪಕ್ಕ ಪೂಜಾರಿಗಳ ಚಿತ್ರ ಬರೆದಿದ್ದಳು, ಎತ್ತರ ಗೊತ್ತಾಗಲಿ ಅಂತ. ಸೋಮೇಶ್ವರ ಗುಡಿಯ ಅರ್ಧ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣನದು ಅಂತ ಊರವರು ಹೇಳೋ ಕಥೆಯನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡು ಬಂದಿದ್ದಳು. “ಅಪ್ಪ ಮಗ ಇಬ್ಬರಿಗೂ ಒಂದೇ ಸ್ಟುಡಿಯೋ ಕೊಟ್ಟಿದ್ರು ಅನ್ಸುತ್ತೆ ಚಿಕ್ಕಮ್ಮ” ಅಂದಳು.

ಗುಡಿ ಅಳೆದ ಕೈಯಲ್ಲೇ ಅಜ್ಜಿಯ ಮನೆಯನ್ನೂ ಅಳೆದಳು. ಅದು ಕಲ್ಲು ಚಪ್ಪಡಿ ಮನೆ. ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ, ದೂರದ ಓದುಗರಿಗಾಗಿ ಹೇಳ್ತೀನಿ. ಇಲ್ಲಿ ಮರ ಕಮ್ಮಿ, ಬಂಡೆ ಜಾಸ್ತಿ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬೆಣೆ ಹೊಡೆದು, ಹಪ್ಪಳದ ಹಾಗೆ ಪದರ ಎಬ್ಬಿಸ್ತಿದ್ದರು. ಆ ಚಪ್ಪಡಿಯೇ ಗೋಡೆ, ಅದೇ ಮಾಳಿಗೆ, ತೋಟದ ಬೇಲಿಗೂ ಅದೇ ಕಲ್ಲು. ಅಳತೆ ತೆಗೆಯುವಾಗ ಹುಡುಗಿಗೆ ಒಂದು ವಿಷಯ ಹೊಳೆಯಿತು. ಅಜ್ಜಿ ಮನೆಯ ಕೋಣೆಗಳು ಯಾಕೆ ಅಷ್ಟು ಕಿರಿದು? ಚಪ್ಪಡಿ ಎಷ್ಟುದ್ದ ಸಿಗುತ್ತೋ ಕೋಣೆ ಅಷ್ಟೇ ಅಗಲ. ಅದಕ್ಕಿಂತ ಹೆಚ್ಚು ಬೇಕಾದರೆ ನಡುವೆ ಕಂಬ ನಿಲ್ಲಿಸಬೇಕು. ಆವನಿಯ ಮಂಟಪದಲ್ಲಿ ಕಂಬಗಳು ಹತ್ತಿರ ಹತ್ತಿರ ನಿಂತಿರೋದೂ ಅದಕ್ಕೇ. ಸಾವಿರ ವರ್ಷದ ಹಿಂದಿನ ಗುಡಿಗೂ ನಮ್ಮಜ್ಜಿಯ ಅಡುಗೆಮನೆಗೂ ಲೆಕ್ಕ ಒಂದೇ.

ನಕ್ಷೆ ಅಜ್ಜಿಗೆ ತೋರಿಸಿದಾಗ ಅವರಿಗೆ ಏನೂ ತಿಳೀಲಿಲ್ಲ. ಮೇಲಿಂದ ನೋಡಿದ ಮನೆ ಅವರು ಯಾವತ್ತು ನೋಡಿದ್ದಾರೆ ಹೇಳಿ? ಆಮೇಲೆ ‘ಸೆಕ್ಷನ್’ ತೋರಿಸಿದಳು. ಸೆಕ್ಷನ್ ಅಂದರೆ ಮಾವಿನಹಣ್ಣನ್ನು ಹೋಳು ಮಾಡಿದ ಹಾಗೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಕತ್ತರಿಸಿ ಒಳಗಿನದನ್ನು ತೋರಿಸೋ ಚಿತ್ರ. ಅಜ್ಜಿ ತಕ್ಷಣ ಬೆರಳಿಟ್ಟರು. “ಇದು ನಮ್ಮ ಒಲೆ. ಇದು ಅಟ್ಟ. ಸರಿ, ಹಗೇವು ಎಲ್ಲೇ?” ಅಂಗಳದ ಕೆಳಗೆ ರಾಗಿ ತುಂಬಿಡ್ತಿದ್ದ ಗುಂಡಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದು ಎಷ್ಟೋ ವರ್ಷವಾಗಿತ್ತು. ಹುಡುಗಿಗೆ ಅದು ಇರೋದೇ ಗೊತ್ತಿರಲಿಲ್ಲ. ಅಜ್ಜಿ ಎದ್ದು ಬಂದು ಕಾಲಿನಿಂದ ನೆಲ ತಟ್ಟಿ ತೋರಿಸಿದರು. ಅವತ್ತು ರಾತ್ರಿ ಸೆಕ್ಷನ್ನು ನೆಲದಿಂದ ಕೆಳಕ್ಕೂ ಇಳಿಯಿತು.

ಈಗ ಮಂಡಿಯ ವಿಷಯಕ್ಕೆ ಬರ್ತೀನಿ.

ಹೋದ ವರ್ಷ, 2025ರ ಜೂನ್, ಅವಳು ರಜೆಗೆ ಊರಲ್ಲಿದ್ದಳು. ಶ್ರೀನಿವಾಸಪುರದವರು ಆ ಜೂನನ್ನು ಸುಲಭಕ್ಕೆ ಮರೆಯೋದಿಲ್ಲ. ಇಲ್ಲಿನ ತೋತಾಪುರಿ, ಅಂದರೆ ಗಿಣಿಮೂತಿ ಮಾವು, ಹೆಚ್ಚಾಗಿ ತಿನ್ನೋಕಲ್ಲ, ರಸ ತೆಗೆಯೋಕೆ. ಆ ಕಾರ್ಖಾನೆಗಳು ಗಡಿಯಾಚೆ ಚಿತ್ತೂರಿನ ಕಡೆ. ಹೊರಗಿನ ತೋತಾಪುರಿ ಒಳಗೆ ಬರಕೂಡದು ಅಂತ ಚಿತ್ತೂರು ಜಿಲ್ಲಾಡಳಿತ ಆದೇಶ ಮಾಡಿತು. ಬೆಲೆ ನೆಲ ಕಚ್ಚಿತು. ರಸ್ತೆಗೆ ಹಣ್ಣು ಸುರಿದರು, ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಆಮೇಲೆ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕ ಹಿಡಿದು, 2.5 ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡೋಕೆ ಕೇಂದ್ರ ಒಪ್ಪಿತು. ಆದರೆ ಮಗಳ ಫೀಸು ಕಟ್ಟೋ ತಾರೀಖು ಯಾವ ಸರ್ಕಾರಕ್ಕೂ ಕಾಯೋದಿಲ್ಲವಲ್ಲ. ಭಾವ ಮುಂದಿನ ಫಸಲಿನ ಮೇಲೆ ಮಂಡಿಯವರ ಹತ್ತಿರ ಮುಂಗಡ ತಗೊಂಡು ಕಟ್ಟಿದರು. ಇದು ಅವಳಿಗೂ ಗೊತ್ತಿತ್ತು.

ಆ ದಿನಗಳಲ್ಲಿ ಅವಳು ಅಪ್ಪನ ಜೊತೆ ಟ್ರ್ಯಾಕ್ಟರಲ್ಲಿ ಮಂಡಿಗೆ ಹೋಗಿ ಕೂತು ಚಿತ್ರ ಬರೀತಿದ್ದಳು. ಯಾರೂ ಬರಿ ಅಂತ ಹೇಳಿದ್ದಲ್ಲ. ಪೆನ್ನು, ಒಂಚೂರು ಜಲವರ್ಣ, ಕೆಲವು ಪುಟಕ್ಕೆ ಅಜ್ಜಿ ಒಲೆಯ ಇದ್ದಿಲು. ರಾಶಿ ಹಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತು ದೊಡ್ಡದು ಚಿಕ್ಕದು ಬೇರೆ ಮಾಡೋ ಹೆಂಗಸರು. ಮಾವಿನ ಸೊನೆ ತಾಗಿ ಬೆಂದ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿರೋ ಒಬ್ಬಾಕೆ. ಕ್ರೇಟನ್ನು ತಲೆಯೆತ್ತರ ಎತ್ತಿ ಲಾರಿಗೆ ಕೊಡುವಾಗ ಹಮಾಲಿಯ ಬೆನ್ನು ಬಾಗೋ ರೀತಿ. ಹಣ್ಣು ಕೇಳುವವರಿಲ್ಲದೆ ರಾತ್ರಿ ಉಳಿದುಕೊಂಡ ರೈತರು, ಟ್ರೈಲರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿದವರು. ಅದರಲ್ಲಿ ಒಬ್ಬರ ಮುಖ ಕಾಣೋಲ್ಲ, ಪಾದ ಮಾತ್ರ ಕಾಣುತ್ತೆ. ಆ ಚಪ್ಪಲಿ ನಮ್ಮ ಭಾವನದು.

ಮುಂದಿನ ಸೆಮಿಸ್ಟರಿನಲ್ಲಿ ‘ಮಾರುಕಟ್ಟೆ’ ಕೊಟ್ಟರು. ಜಾಗ ಅವರವರ ಆಯ್ಕೆ. ಯಾರೋ ಕೋಲಾರದ ಟೊಮೆಟೊ ಎಪಿಎಂಸಿ ತಗೊಂಡರಂತೆ, ಇವಳು ಶ್ರೀನಿವಾಸಪುರದ ಮಾವಿನ ಮಂಡಿ. ದಸರಾ ರಜೆಗೆ ಬರುವಾಗ ಮೊದಲ ಕರಡು ತಂದಿದ್ದಳು. ನೋಡಿದರೆ ಮಾವಿನಕಾಯಿ ಆಕಾರದ ಚಾವಣಿ! ಸೀರೆ ಅಂಚಿನಲ್ಲಿ ಇರುತ್ತಲ್ಲ, ಹಾಗೆ ತುದಿ ಬಾಗಿದ್ದು. ಮುಂದೆಲ್ಲ ಗಾಜು. ಒಳಗೆ ಕಂಪ್ಯೂಟರಿನಲ್ಲಿ ಕೂರಿಸಿದ ಜನ, ಸೂಟು ಹಾಕಿದವರು, ಕೈಯಲ್ಲಿ ಕಾಫಿ ಲೋಟ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.

ಭಾವ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. ಕಡಿಮೆ ಮಾತಿನ ಮನುಷ್ಯ.

“ಮಾವಿನಕಾಯಿ ಥರಾನೇ ಇದೆ. ಮೇಲಿಂದ ಯಾರು ನೋಡ್ತಾರಮ್ಮ ಇದನ್ನ?”

“ಅದು ಕಾನ್ಸೆಪ್ಟ್ ಅಪ್ಪ.”

“ಹೂಂ. ಟ್ರ್ಯಾಕ್ಟರ್ ಎಲ್ಲಿ ತಿರುಗಿಸ್ಕೊಳ್ಳೋದು?” ತೋರಿಸಿದಳು. “ಸರಿ. ಹರಾಜಾಗದೆ ರಾತ್ರಿ ಉಳಿದ್ರೆ ನಾನೆಲ್ಲಿ ಮಲಗೋದು?”

ಹುಡುಗಿ ಉತ್ತರ ಕೊಡಲಿಲ್ಲ. ಎದ್ದು ಒಳಗೆ ಹೋದಳು. ಅತ್ತಳೇನೋ ಅಂತ ನಮ್ಮಕ್ಕ ಗಾಬರಿಯಾಗಿ ಹಿಂದೆ ಹೋದರೆ, ಅವಳು ಟ್ರಂಕಿನಿಂದ ಜೂನಿನ ಚಿತ್ರದ ಪುಸ್ತಕ ಹುಡುಕಿ ತೆಗೀತಿದ್ದಳು.

ನನಗೆ ಅನಿಸೋದು, ಕೈಗೆ ಗೊತ್ತಿದ್ದ ವಿಷಯವೇ ಕಂಪ್ಯೂಟರ್ ಮುಂದೆ ಕೂತಾಗ ಅವಳಿಗೆ ಮರೆತುಹೋಗಿತ್ತು. ಕಾಲೇಜಿನಲ್ಲಿ ಸ್ಕೆಚ್ ಪುಸ್ತಕವನ್ನು ಹವ್ಯಾಸದ ಲೆಕ್ಕಕ್ಕೆ ಬರೀತಾರೆ, ಪ್ರಾಜೆಕ್ಟನ್ನು ಅಂಕದ ಲೆಕ್ಕಕ್ಕೆ. ಎರಡೂ ಬೇರೆ ಬೇರೆ ಚೀಲದಲ್ಲಿ ಇರುತ್ತವೆ. ಆ ಚಿತ್ರಗಳಲ್ಲಿ ಬೇಕಾದ ಅಳತೆಯೆಲ್ಲ ಇತ್ತು. ಹಮಾಲಿಯ ಬೆನ್ನು ಬಾಗಿದ್ದು ನೋಡಿದರೆ ಕಟ್ಟೆ ಎಷ್ಟೆತ್ತರ ಇರಬೇಕು ಅಂತ ಗೊತ್ತಾಗುತ್ತೆ. ಬೆಂದ ಕೈ ನೋಡಿದರೆ ಕೊಳಾಯಿ ಎಲ್ಲಿರಬೇಕು ಅಂತ ಗೊತ್ತಾಗುತ್ತೆ.

ಮಾವಿನಕಾಯಿ ಚಾವಣಿ ಹೋಯಿತು. ಎರಡನೇ ಕರಡಿನಲ್ಲಿ ಬಂದದ್ದು ಉದ್ದನೆಯ ನಾಲ್ಕು ಶೆಡ್ಡು. ನೆತ್ತಿಯಲ್ಲಿ ಚಾವಣಿ ಬಿಡಿಸಿ ಎತ್ತರಿಸಿ, ಕಾದ ಗಾಳಿ ಮೇಲಕ್ಕೆ ಹೋಗೋ ಹಾಗೆ ಬಾಯಿ ಬಿಟ್ಟಿದ್ದಳು. ಪಕ್ಕಕ್ಕೆ ಮಾಲೂರು ಇಟ್ಟಿಗೆಯಲ್ಲಿ ಕಟ್ಟಿದ ಜಾಲಿ ಗೋಡೆ. ಗಾಳಿ ಆಡುತ್ತೆ, ಹಣ್ಣಿನ ಮೇಲೆ ಬಿಸಿಲು ಬೀಳೋಲ್ಲ. ನೆಲ ಕಲ್ಲು ಚಪ್ಪಡಿಯದು, ಟ್ರೈಲರಿನ ತಳದ ಎತ್ತರಕ್ಕೆ ಸರಿಯಾಗಿ. ಹಣ್ಣು ಇಳಿಸೋಕೆ ಬಗ್ಗೋದೂ ಬೇಡ, ಎತ್ತೋದೂ ಬೇಡ, ಸರಿಸಿದರೆ ಸಾಕು. ಹೆಂಗಸರು ಕೂರೋ ಕಡೆ ಹತ್ತು ಹೆಜ್ಜೆಗೊಂದು ಕೊಳಾಯಿ, ಅವರದ್ದೇ ಶೌಚಾಲಯ, ಅದಕ್ಕೆ ಹೋಗೋ ದಾರಿ ಲಾರಿ ನಿಲ್ಲೋ ಕಡೆಯಿಂದ ಅಲ್ಲ. ಇನ್ನು ಶೆಡ್ಡಿನ ಉದ್ದಕ್ಕೂ ಹೊರಗಡೆ ಒಂದು ಜಗಲಿ. ಅಲ್ಲಿ ಕಂಬಗಳು ಹತ್ತಿರ ಹತ್ತಿರ, ಮೇಲೆ ಕಲ್ಲು ಚಪ್ಪಡಿ, ಕಂಬದಿಂದ ಕಂಬಕ್ಕೆ ಇಬ್ಬರು ಮಲಗುವಷ್ಟು ಜಾಗ. ಆವನಿಯ ಮಂಟಪದ ಅಳತೆ ಅದು. ತನ್ನ ಟ್ರ್ಯಾಕ್ಟರು ಅಲ್ಲಿಂದಲೇ ಕಣ್ಣಿಗೆ ಕಾಣುತ್ತೆ, ಹಣ್ಣು ಕಾಯೋನಿಗೆ ಅದೇ ಮುಖ್ಯ.

ಶೀಟಿಗೆ ಬಣ್ಣ ಹಚ್ಚುವಾಗ ಇಟ್ಟಿಗೆ ಕೆಂಪು ಸರಿಯಾಗಿ ಬರ್ತಿಲ್ಲ ಅಂತ ನಮ್ಮ ಹಿತ್ತಲಿನಲ್ಲಿದ್ದ ಮಾಲೂರು ಹೆಂಚಿನ ಚೂರು ಕುಟ್ಟಿ, ಜರಡಿ ಹಿಡಿದು, ಬೆರಳಲ್ಲಿ ಉಜ್ಜಿದಳು. ನನ್ನ ಮೈದಾ ಜರಡಿ ಅವತ್ತಿನಿಂದ ಅಡುಗೆಮನೆಗೆ ವಾಪಸ್ ಬಂದಿಲ್ಲ. ಸೆಕ್ಷನ್ನಿನಲ್ಲಿ ಈ ಸಲ ಸೂಟಿನವರು ಇರಲಿಲ್ಲ. ಸ್ಕೆಚ್ ಪುಸ್ತಕದ ಹೆಂಗಸರು, ಹಮಾಲಿಗಳು, ಜಗಲಿ ಮೇಲೆ ಮಲಗಿದ ಒಂದು ಜೊತೆ ಪಾದ, ಕೆಳಗೆ ಬಿಟ್ಟ ಚಪ್ಪಲಿ.

ಜ್ಯೂರಿಯಲ್ಲಿ ಬಂದವರೊಬ್ಬರು “ತುಂಬಾ ಸಾದಾ ಆಯ್ತು, ಗುರುತಿಟ್ಟುಕೊಳ್ಳೋ ಆಕಾರ ಇಲ್ಲ” ಅಂದರಂತೆ. ಇನ್ನೊಬ್ಬರು ಕೊಳಾಯಿಯ ನೀರು ಎಲ್ಲಿಗೆ ಹರಿದುಹೋಗುತ್ತೆ ಅಂತಲೇ ಕಾಲು ಗಂಟೆ ಕೇಳಿದರಂತೆ. ಇವಳಿಗೆ ಎರಡನೆಯವರೇ ಇಷ್ಟವಾದರು. ಅಂಕ ಹೆಚ್ಚೇನೂ ಬರಲಿಲ್ಲ, ಕಡಿಮೆಯೂ ಅಲ್ಲ. ಆಕಾರದ ಬಗ್ಗೆ ಹೇಳಿದ್ದು ಪೂರ್ತಿ ತಪ್ಪು ಅಂತ ನಾನೂ ಹೇಳೋಲ್ಲ. ಕಲ್ಲಿನ ಕೆಲಸಕ್ಕೆ ಹೆಸರಾದ ಶಿವಾರಪಟ್ಟಣ ಇರೋ ಜಿಲ್ಲೆಯ ಮಂಡಿಗೆ ಬಾಗಿಲಲ್ಲಾದರೂ ಒಂದು ಚೆಂದದ ಕಂಬ ಬೇಡವೇ? ಹೇಳಿದ್ದೀನಿ, ಯೋಚಿಸ್ತೀನಿ ಅಂದಿದ್ದಾಳೆ.

ಆ ಶೀಟಿನ ಒಂದು ಪ್ರತಿ ಈಗ ಭಾವನ ಮನೆಯ ನಡುಮನೆಯಲ್ಲಿದೆ, ಕ್ಯಾಲೆಂಡರ್ ಪಕ್ಕ. ಮುಂಗಡ ಕೊಟ್ಟಿದ್ದ ಮಂಡಿಯವರು ಲೆಕ್ಕಕ್ಕೆ ಬಂದಾಗ ಅದರ ಮುಂದೆ ನಿಂತು ನೋಡಿದರಂತೆ. “ಇಷ್ಟೆಲ್ಲ ನಮ್ಮ ಕೈಲಾಗಲ್ಲ, ಕೊಳಾಯಿ ಒಂದು ಹಾಕಿಸ್ಬೋದು” ಅಂದರಂತೆ. ಹಾಕಿಸ್ತಾರೋ ಇಲ್ಲವೋ ಸುಗ್ಗಿ ಬಂದಾಗ ನೋಡಬೇಕು.

ಮೊನ್ನೆ ಹೋದಾಗ ಭಾವ ಆ ಶೀಟಿನ ಮುಂದೆ ಕಾಫಿ ಕುಡೀತಾ ನಿಂತಿದ್ದರು. ಮಗಳನ್ನು ಕರೆದು, “ಮುಂಗಾರು ಮಳೆ ಗಾಳಿ ಜೊತೆ ಬಂದ್ರೆ ಎರಚಲು ಜಗಲಿಗೆ ಹೊಡೆಯುತ್ತೆ. ಸೂರು ಇನ್ನೂ ಎರಡಡಿ ಮುಂದಕ್ಕೆ ತೆಗಿ” ಅಂದರು. ಅವಳು ಅಲ್ಲೇ ಪೆನ್ಸಿಲ್ ತಂದು ಗೋಡೆ ಮೇಲಿದ್ದ ಶೀಟಿಗೇ ಗೆರೆ ಎಳೆದಳು.