ಎದೆ ಮೇಲಿನ ಬ್ಯಾಡ್ಜ್ ಯಾರದ್ದು?

ಕಾಲೇಜು ಫುಟ್‌ಬಾಲ್ ಟೀಮಿನ ಈ ವರ್ಷದ ಜರ್ಸಿ ಡಿಸೈನ್ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾವೆಲ್ಲ ಮೊದಲು ನೋಡಿದ್ದು ಬಣ್ಣ. ಮೆರೂನ್ ಚೆನ್ನಾಗಿದೆ, ಹೋದ ವರ್ಷದ ಹಳದಿಗಿಂತ ವಾಸಿ ಅಂದುಕೊಂಡೆವು. ಆಮೇಲೆ ಬ್ಯಾಡ್ಜ್ ಕಣ್ಣಿಗೆ ಬಿತ್ತು. ನೆಟ್‌ನಿಂದ ಇಳಿಸಿಕೊಂಡ ಒಂದು ತೋಳದ ಮುಖ, ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರು. ಹೋದ ವರ್ಷ ಹದ್ದು ಇತ್ತು, ಅದರ ಹಿಂದಿನ ವರ್ಷ ಡ್ರ್ಯಾಗನ್. ಹಾಸನಕ್ಕೆ ಡ್ರ್ಯಾಗನ್ ಎಲ್ಲಿಂದ ಬಂತು ಗುರು?

‘ಜರ್ಸಿ ತಾನೇ, ಬಿಟ್ಟಾಕಿ’ ಅನ್ನೋರು ಇದ್ದಾರೆ. ಬಣ್ಣದ ವಿಷಯಕ್ಕೆ ನಾವೂ ಬಿಟ್ಟಾಕ್ತೀವಿ. ಆರ್‌ಸಿಬಿಯನ್ನೇ ನೋಡಿ. 2008ರಲ್ಲಿ ಕೆಂಪು-ಬಂಗಾರ, 2011ರಿಂದ ಪರಿಸರದ ಹೆಸರಲ್ಲಿ ಹಸಿರು ಜರ್ಸಿಯ ಪಂದ್ಯ, ನಡುವೆ ಕಪ್ಪು, 2024ರಲ್ಲಿ ಕಪ್ಪಿನ ಜಾಗಕ್ಕೆ ನೀಲಿ. ಇಷ್ಟೆಲ್ಲ ಬದಲಾದರೂ ಅಭಿಮಾನಿಗಳು ಕೈಬಿಡಲಿಲ್ಲ.

ಆದರೆ ಹೆಸರು, ಲಾಂಛನದ ಮಾತೇ ಬೇರೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಲೇ ಇಂಗ್ಲಿಷಿನಲ್ಲೂ ತನ್ನನ್ನು ‘ಬೆಂಗಳೂರು’ ಅಂತಲೇ ಬರೆದುಕೊಂಡಿತು. ಸರ್ಕಾರ ‘ಬ್ಯಾಂಗಲೋರ್’ ಬಿಟ್ಟಿದ್ದು 2014ರ ನವೆಂಬರ್ 1ಕ್ಕೆ. ಅಂದರೆ ಸರ್ಕಾರಿ ಆದೇಶಕ್ಕಿಂತ ಮೊದಲೇ ಫುಟ್‌ಬಾಲ್ ಜರ್ಸಿಯ ಮೇಲೆ ಊರಿನ ಹೆಸರು ಸರಿಯಾಗಿತ್ತು! ಆರ್‌ಸಿಬಿ ಅದೇ ತಿದ್ದುಪಡಿ ಮಾಡಿಕೊಂಡಿದ್ದು 2024ರ ಮಾರ್ಚಿನಲ್ಲಿ.

ಅಭಿಮಾನಿಗಳನ್ನು ಲೆಕ್ಕಕ್ಕೆ ಇಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ವೇಲ್ಸ್‌ನ ಕಾರ್ಡಿಫ್ ಸಿಟಿ ಸಾಕ್ಷಿ. 2012ರಲ್ಲಿ ಮಾಲೀಕರು ತಲೆಮಾರುಗಳ ನೀಲಿ ತೆಗೆದು ಕೆಂಪು ತಂದರು, ಬ್ಯಾಡ್ಜ್‌ನಲ್ಲಿದ್ದ ನೀಲಿ ಹಕ್ಕಿಯನ್ನು ಮೂಲೆಗೆ ತಳ್ಳಿ ಡ್ರ್ಯಾಗನ್ ಕೂರಿಸಿದರು. ಜನ ಸುಮ್ಮನಾಗಲಿಲ್ಲ. 2015ರ ಜನವರಿಯಲ್ಲಿ ನೀಲಿ ಬಣ್ಣ ವಾಪಸ್ ಬಂತು.

ನಮ್ಮ ಕಥೆಗೆ ಬರೋಣ. ಹೊರಗಿನ ಟೂರ್ನಮೆಂಟ್ ಒಂದರಲ್ಲಿ ಮೈಕಿನವರು ಜರ್ಸಿ ಮೇಲಿನ ಇಂಗ್ಲಿಷ್ ಓದಿಕೊಂಡು ‘ಹಸ್ಸನ್ ಟೀಮ್, ಹಸ್ಸನ್ ಟೀಮ್’ ಅಂತ ಕೂಗಿದರು. ಯಾರನ್ನೋ ಕರೀತಿದಾರೆ ಅಂತ ನಾವು ಆರಾಮಾಗಿ ಕೂತಿದ್ವಿ. ಕನ್ನಡದಲ್ಲಿ ‘ಹಾಸನ’ ಅಂತ ಇದ್ದಿದ್ದರೆ ಆ ಪಾಡು ಇರುತ್ತಿರಲಿಲ್ಲ.

ಹಾಗಾದರೆ ಬ್ಯಾಡ್ಜ್‌ನಲ್ಲಿ ಏನಿರಬೇಕು? ಉತ್ತರ ಬೇಲೂರಿನ ದೇವಸ್ಥಾನದ ಬಾಗಿಲಲ್ಲೇ ನಿಂತಿದೆ: ಮೃಗದ ಮೇಲೆ ಎರಗಿದ ಸಳ, ಹೊಯ್ಸಳರ ಲಾಂಛನ. ನಾವು ಇದನ್ನು ಹೇಳಿದಾಗ ಟೀಮಿನ ಅರಕಲಗೂಡಿನ ಗೆಳೆಯನೊಬ್ಬ ಕೇಳಿದ, ‘ಸಳ ಬೇಲೂರಿನವರಿಗಾಯ್ತು, ನಮಗೇನು?’ ನ್ಯಾಯವಾದ ಪ್ರಶ್ನೆ. ದಿನಾ ಬೆಳಿಗ್ಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ಸುಗಳಲ್ಲಿ ನಿಂತುಕೊಂಡೇ ಬರೋರು ಟೀಮಿನಲ್ಲಿ ಅರ್ಧ ಜನ. ಅವರದ್ದಲ್ಲದ ಬ್ಯಾಡ್ಜ್ ನಮ್ಮದೂ ಅಲ್ಲ.

ಅದಕ್ಕೇ ಸಳನ ಕೆಳಗೆ ಒಂದು ಅಲೆಯ ಗೆರೆ ಎಳೆಯೋಣ ಅಂತ ನಮ್ಮ ಸಲಹೆ. ಅದು ಹೇಮಾವತಿ. ಹೊಳೆನರಸೀಪುರದ ಹೊಳೆಯೇ ಅವಳು. ಗೊರೂರಿನ ಅಣೆಕಟ್ಟಿನಿಂದ ಹೊರಟ ಅವಳ ನಾಲೆಗಳು ಅರಕಲಗೂಡಿಗೂ ಹೋಗುತ್ತವೆ, ಚನ್ನರಾಯಪಟ್ಟಣಕ್ಕೂ ಹೋಗುತ್ತವೆ. ಒಂದೇ ಗೆರೆಯಲ್ಲಿ ಎಲ್ಲರೂ ಬಂದ ಹಾಗಾಯಿತು.

ಖರ್ಚಿನ ಚಿಂತೆಯೂ ಬೇಡ. ನಾವು ಮಾಡಿಸೋದು ಸಬ್ಲಿಮೇಷನ್ ಪ್ರಿಂಟ್, ಬ್ಯಾಡ್ಜ್ ಬಣ್ಣದ ಜೊತೆಗೇ ಬಟ್ಟೆಗೆ ಇಳಿಯುತ್ತೆ. ತೋಳಕ್ಕೆ ಎಷ್ಟೋ ಸಳನಿಗೂ ಅಷ್ಟೇ.

ಬಣ್ಣವನ್ನು ಪ್ರತಿ ಬ್ಯಾಚ್ ತನಗೆ ಬೇಕಾದ ಹಾಗೆ ಆರಿಸಿಕೊಳ್ಳಲಿ. ಬ್ಯಾಡ್ಜ್ ಮಾತ್ರ ಒಂದೇ ಇರಲಿ. ಹತ್ತು ವರ್ಷ ಬಿಟ್ಟು ನಾವು ಯಾವುದೋ ಊರಿನ ಆಫೀಸಿನಿಂದ ರಜೆಗೆ ಬಂದಾಗ, ಮೈದಾನದಲ್ಲಿ ಓಡುವ ಹುಡುಗರ ಎದೆ ನೋಡಿ ‘ಇವರು ನಮ್ಮೋರು’ ಅಂತ ದೂರದಿಂದಲೇ ಗೊತ್ತಾಗಬೇಕು. ಜರ್ಸಿ ಆರ್ಡರ್ ಇನ್ನೂ ಹೋಗಿಲ್ಲ. ಗ್ರೂಪಿನಲ್ಲಿ ಥಂಬ್ಸ್ ಅಪ್ ಒತ್ತೋ ಮೊದಲು ಒಂದ್ಸಲ ಯೋಚನೆ ಮಾಡಿ.